ನಲವತ್ತರ ಮೇಲೆ ನ್ಯಾಯವಾದಿ

1879ನೆಯ ಇಸವಿ ಮಾರ್ಚ್ 3ನೆಯ ತಾರೀಖು. ಅಮೆರಿಕ ಸಂಯುಕ್ತ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯಕ್ಕೆ ಆ ಕಾಲದಲ್ಲಿ ಸ್ವಂತ ಕಟ್ಟಡವಿರಲಿಲ್ಲ. ವಾಷಿಂಗ್ಟನ್ ನಗರದ ಕ್ಯಾಪಿಟಲ್ ಭವನದಲ್ಲಿ, ಹಿಂದೆ ಸೆನೆಟ್ ಸಭೆ ಸೇರುತ್ತಿದ್ದ ಹಳೆಯ ಸಭಾಂಗಣದಲ್ಲಿಯೇ ಅದರ ಕಲಾಪಗಳು ನಡೆಯುತ್ತಿದ್ದವು. ಅಂದು ಆಲ್ಬರ್ಟ್ ರಿಡಲ್ ಎಂಬ ವಕೀಲರು ಎದ್ದು ನಿಂತು, ಹೊಸಬರೊಬ್ಬರನ್ನು ಈ ನ್ಯಾಯಾಲಯದ ನ್ಯಾಯವಾದಿಗಳ ಪಟ್ಟಿಗೆ ಸೇರಿಸಿಕೊಳ್ಳಬೇಕೆಂದು ಬಿನ್ನವಿಸಿದರು. ಇಂತಹ ಬಿನ್ನಹಗಳು ಅಲ್ಲಿ ನಿತ್ಯದ ಮಾತು. ಆದರೆ ಅಂದಿನ ಹೊಸಬರು ಒಬ್ಬ ಮಹಿಳೆ, ವಯಸ್ಸು ನಲವತ್ತೆಂಟು, ಒಂದು ಕಾಲಕ್ಕೆ ಹಳ್ಳಿಯ ಶಾಲೆಯ ಉಪಾಧ್ಯಾಯಿನಿ, ಎರಡು ಬಾರಿ ವೈಧವ್ಯವನ್ನು ಕಂಡವಳು. ಅದುವರೆಗೆ ಯಾವ ಹೆಣ್ಣುಮಗಳೂ ಆ ಪಟ್ಟಿಯಲ್ಲಿ ಸಹಿ ಹಾಕಿರಲಿಲ್ಲ.

ಆಕೆಯ ಹೆಸರು ಬೆಲ್ವಾ ಲಾಕ್‌ವುಡ್.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬುದು ನಮ್ಮಲ್ಲಿ ಮನೆಮಾತಾಗಿರುವ ಗಾದೆ. ವಿದ್ಯೆಗೆ ಒಂದು ವಯಸ್ಸು, ವೃತ್ತಿಗೆ ಒಂದು ವಯಸ್ಸು. ಅದು ಕಳೆದ ಮೇಲೆ ಇದ್ದುದರಲ್ಲಿಯೇ ತೃಪ್ತಿಪಟ್ಟುಕೊಳ್ಳಬೇಕೆಂದು ಹಿರಿಯರು ಹೇಳುತ್ತಾರೆ. ಅದರಲ್ಲಿಯೂ ವಕೀಲಿಯಂತಹ ವೃತ್ತಿಗೆ ಇಪ್ಪತ್ತನಾಲ್ಕು ಇಪ್ಪತ್ತೈದರಲ್ಲಿಯೇ ಕಾಲಿಡಬೇಕು, ಹಿರಿಯ ವಕೀಲರ ಬಳಿ ಹತ್ತು ವರ್ಷ ಕಾಗದಪತ್ರ ಹೊರಬೇಕು, ಆಮೇಲೆ ಕಕ್ಷಿಗಾರರ ಮುಖ ಕಾಣಬೇಕು ಎಂಬುದು ರೂಢಿಯ ಮಾತು. ಬೆಲ್ವಾ ಲಾಕ್‌ವುಡ್ ಕಾನೂನಿನ ತರಗತಿಗೆ ಹೋಗಿ ಕುಳಿತದ್ದು ತನ್ನ ನಲವತ್ತನೆಯ ವಯಸ್ಸಿನಲ್ಲಿ. ಆಕೆ ತನ್ನ ಜೀವನದ ಅತಿ ದೊಡ್ಡ ಮೊಕದ್ದಮೆಯಲ್ಲಿ ವಾದಿಸಿದ್ದು ಎಪ್ಪತ್ತೈದರಲ್ಲಿ.

ಹಳ್ಳಿಯ ಉಪಾಧ್ಯಾಯಿನಿ

ಆಕೆ ಹುಟ್ಟಿದ್ದು 1830ನೆಯ ಇಸವಿ ಅಕ್ಟೋಬರ್ 24ರಂದು, ನ್ಯೂಯಾರ್ಕ್ ಸಂಸ್ಥಾನದ ರಾಯಲ್ಟನ್ ಎಂಬಲ್ಲಿಯ ಒಂದು ರೈತ ಕುಟುಂಬದಲ್ಲಿ. ಮನೆಯಲ್ಲಿ ಅನುಕೂಲ ಅಷ್ಟಕ್ಕಷ್ಟೆ. ಹದಿನಾಲ್ಕನೆಯ ವಯಸ್ಸಿಗೇ ಆಕೆ ಹಳ್ಳಿಯ ಶಾಲೆಯೊಂದರಲ್ಲಿ ಪಾಠ ಹೇಳಲು ನಿಂತಳು. ಅದೇ ಕೆಲಸ ಮಾಡುತ್ತಿದ್ದ ಗಂಡಸರಿಗೆ ದೊರೆಯುತ್ತಿದ್ದ ಸಂಬಳದ ಅರ್ಧದಷ್ಟೂ ಆಕೆಗೆ ದೊರೆಯುತ್ತಿರಲಿಲ್ಲ. ಈ ಅನ್ಯಾಯವನ್ನು ತೋಡಿಕೊಂಡಾಗ, ಲೋಕರೂಢಿಯೇ ಹೀಗಿರುವಾಗ ಯಾರೇನು ಮಾಡಲಾದೀತು ಎಂಬ ಸಮಾಧಾನದ ಮಾತೇ ಸಿಕ್ಕಿತು. ಆ ಮಾತನ್ನು ಆಕೆ ಕೊನೆಯವರೆಗೂ ಮರೆಯಲಿಲ್ಲ.

ಹದಿನೆಂಟು ತುಂಬಿದಾಗ ಯೂರೈಯ ಮ್ಯಾಕ್‌ನಾಲ್ ಎಂಬ ಯುವಕನೊಡನೆ ವಿವಾಹವಾಯಿತು. ಮರುವರ್ಷ ಲೂರಾ ಎಂಬ ಮಗಳು ಹುಟ್ಟಿದಳು. 1853ರಲ್ಲಿ ಗಂಡ ತೀರಿಕೊಂಡ. ಇಪ್ಪತ್ತೆರಡರ ಹರೆಯದಲ್ಲಿ, ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಆಕೆ ಮುಂದಿನ ಬದುಕನ್ನು ಯೋಚಿಸಬೇಕಾಯಿತು. ಅಂತಹ ಹೊತ್ತಿನಲ್ಲಿ ಬಂಧುಗಳು ಏನು ಹೇಳುತ್ತಾರೆಂಬುದು ಯಾವ ದೇಶದಲ್ಲಾದರೂ ಊಹಿಸಬಹುದಾದದ್ದೇ. ಆಕೆ ಆರಿಸಿಕೊಂಡದ್ದು ಮತ್ತೆ ಓದುವ ಹಾದಿಯನ್ನು. ಮಗುವನ್ನು ತಂದೆತಾಯಿಗಳ ಬಳಿ ಬಿಟ್ಟು ಜೆನೆಸೀ ಕಾಲೇಜಿಗೆ ಸೇರಿ, 1857ರಲ್ಲಿ ಪದವೀಧರೆಯಾಗಿ ಹೊರಬಂದಳು. ಮತ್ತೆ ಉಪಾಧ್ಯಾಯ ವೃತ್ತಿ. ಈ ಸಲ ಮುಖ್ಯೋಪಾಧ್ಯಾಯಿನಿಯಾಗಿ.

1866ರಲ್ಲಿ, ಅಂತರ್ಯುದ್ಧ ಮುಗಿದ ಮರುವರ್ಷ, ಆಕೆ ಮಗಳನ್ನು ಕರೆದುಕೊಂಡು ವಾಷಿಂಗ್ಟನ್ನಿಗೆ ಬಂದಳು. ಅಲ್ಲಿ ಗಂಡುಹೆಣ್ಣು ಮಕ್ಕಳಿಬ್ಬರಿಗೂ ಒಟ್ಟಿಗೆ ಪಾಠ ಹೇಳುವ ಶಾಲೆಯೊಂದನ್ನು ತೆರೆದಳು. 1868ರಲ್ಲಿ ಎಜೀಕಿಯಲ್ ಲಾಕ್‌ವುಡ್ ಎಂಬುವರನ್ನು ಮದುವೆಯಾದಳು. ವಯಸ್ಸಿನಲ್ಲಿ ಬಹಳ ಹಿರಿಯರಾಗಿದ್ದ ಅವರು ದಂತವೈದ್ಯರು. ಯುದ್ಧದಲ್ಲಿ ನೊಂದ ಸಿಪಾಯಿಗಳ ಪರವಾಗಿ ಪಿಂಚಣಿಯ ಅರ್ಜಿಗಳನ್ನೂ ನಡೆಸಿಕೊಡುತ್ತಿದ್ದರು. ಈ ದಂಪತಿಗಳಿಗೆ ಹುಟ್ಟಿದ ಹೆಣ್ಣುಮಗು ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡಿತು.

ಶಾಲೆ ಮತ್ತು ಸಂಸಾರಗಳ ನಡುವೆಯೇ ಆಕೆ ಕಾನೂನಿನ ಗ್ರಂಥಗಳನ್ನು ತೆರೆದು ಓದತೊಡಗಿದ್ದಳು. ರಾಜಧಾನಿಯಲ್ಲಿ ಬಾಳುವವರಿಗೆ ಒಂದು ಸಂಗತಿ ಬೇಗನೆ ತಿಳಿಯುತ್ತದೆ: ಲೋಕರೂಢಿಯನ್ನು ಬದಲಿಸುವ ಯಂತ್ರವೊಂದಿದ್ದರೆ ಅದು ಕಾನೂನು.

ಮುಚ್ಚಿದ ಬಾಗಿಲುಗಳು

1869ರಲ್ಲಿ ಆಕೆ ಕೊಲಂಬಿಯನ್ ಕಾಲೇಜಿನ ಕಾನೂನು ಶಾಲೆಗೆ ಅರ್ಜಿ ಹಾಕಿದಳು. ಹೆಂಗಸೊಬ್ಬಳು ತರಗತಿಯಲ್ಲಿ ಕುಳಿತರೆ ತರುಣ ವಿದ್ಯಾರ್ಥಿಗಳ ಗಮನ ಪಾಠದಿಂದ ಚೆದರೀತು ಎಂಬ ಕಾರಣಕ್ಕಾಗಿ ಪ್ರವೇಶವನ್ನು ನಿರಾಕರಿಸಲಾಯಿತು. ನಲವತ್ತಕ್ಕೆ ಕಾಲಿಡಲಿದ್ದ, ಬೆಳೆದ ಮಗಳ ತಾಯಿಯಾಗಿದ್ದ ಆಕೆಗೆ ಈ ಉತ್ತರವನ್ನು ಓದಿ ಸಿಟ್ಟು ಬಂದಿತೋ ನಗು ಬಂದಿತೋ ಹೇಳುವುದು ಕಷ್ಟ.

1871ರಲ್ಲಿ ಹೊಸದಾಗಿದ್ದ ನ್ಯಾಷನಲ್ ಯೂನಿವರ್ಸಿಟಿ ಕಾನೂನು ಶಾಲೆ ಹೆಂಗಸರನ್ನು ಸೇರಿಸಿಕೊಳ್ಳಲು ಒಪ್ಪಿತು. ಹದಿನೈದು ಮಂದಿ ಹೆಂಗಸರು ಸೇರಿದರು. ಜೊತೆಯಲ್ಲಿ ಕುಳಿತು ಪಾಠ ಕೇಳಲು ಗಂಡಸರು ಆಕ್ಷೇಪಿಸಿದ್ದರಿಂದ ಬೇರೆ ತರಗತಿಯ ಏರ್ಪಾಡಾಯಿತು. ಒಬ್ಬೊಬ್ಬರಾಗಿ ಹೆಂಗಸರು ಬಿಟ್ಟುಹೋದರು. ಕೊನೆಯವರೆಗೆ ಉಳಿದವರು ಇಬ್ಬರೇ. ಅವರಲ್ಲಿ ಲಾಕ್‌ವುಡ್ ಒಬ್ಬಳು. ಪಾಠಕ್ರಮವೇನೋ ಮುಗಿಯಿತು. ಆದರೆ ಪದವೀಪತ್ರ ಕೈಗೆ ಬರಲಿಲ್ಲ. ಹೆಂಗಸರೊಡನೆ ಒಂದೇ ವೇದಿಕೆಯ ಮೇಲೆ ಪದವಿ ಪಡೆಯುವುದು ತಮಗೆ ಸಮ್ಮತವಿಲ್ಲವೆಂದು ಸಹಪಾಠಿಗಳು ಹಟ ಹಿಡಿದಿದ್ದರು. ಪದವೀಪತ್ರವಿಲ್ಲದೆ ವಕೀಲರ ಪಟ್ಟಿಗೆ ಸೇರುವುದು ದುಸ್ತರ.

ಆ ಶಾಲೆಗೆ ಅಮೆರಿಕದ ರಾಷ್ಟ್ರಾಧ್ಯಕ್ಷರೇ ಪದನಿಮಿತ್ತ ಅಧ್ಯಕ್ಷರು. ಆಗ ಆ ಪದವಿಯಲ್ಲಿದ್ದವರು ಅಂತರ್ಯುದ್ಧದ ದಂಡನಾಯಕ ಯುಲಿಸೀಸ್ ಗ್ರಾಂಟ್. 1873ರ ಸೆಪ್ಟೆಂಬರ್ 3ರಂದು ಲಾಕ್‌ವುಡ್ ಅವರಿಗೇ ನೇರವಾಗಿ ಒಂದು ಚಿಕ್ಕ ಕಾಗದ ಬರೆದಳು. ಅದರಲ್ಲಿ ಗೋಗರೆತವಿರಲಿಲ್ಲ. ತಾವು ಈ ಶಾಲೆಯ ಅಧ್ಯಕ್ಷರು ಹೌದಾದರೆ, ಪಾಠಕ್ರಮವನ್ನು ಮುಗಿಸಿದ ತನಗೆ ಪದವೀಪತ್ರ ಸಲ್ಲಬೇಕು. ಅಲ್ಲವಾದರೆ ಶಾಲೆಯ ಕಾಗದಗಳ ಮೇಲಿಂದ ತಮ್ಮ ಹೆಸರನ್ನು ತೆಗೆಸಬೇಕು—ಇಷ್ಟೇ ಅದರ ಸಾರಾಂಶ. ಅಧ್ಯಕ್ಷರಿಂದ ಉತ್ತರ ಬರಲಿಲ್ಲ. ಆದರೆ ಕೆಲವೇ ದಿನಗಳಲ್ಲಿ ಪದವೀಪತ್ರ ಬಂದಿತು. ಅದೇ ತಿಂಗಳ 24ರಂದು ವಾಷಿಂಗ್ಟನ್ನಿನ ನ್ಯಾಯಾಲಯದಲ್ಲಿ ಆಕೆಯ ಹೆಸರು ದಾಖಲಾಯಿತು. ನಲವತ್ತಮೂರು ತುಂಬಲು ಆಗ ಒಂದು ತಿಂಗಳು ಬಾಕಿ.

ಆಕೆ ಅಮೆರಿಕದ ಮೊದಲನೆಯ ಮಹಿಳಾ ವಕೀಲೆಯೇನಲ್ಲ. 1869ರಲ್ಲಿ ಅಯೋವಾ ಸಂಸ್ಥಾನದಲ್ಲಿ ಅರಬೆಲ್ಲಾ ಮ್ಯಾನ್ಸ್‌ಫೀಲ್ಡ್ ವಕೀಲರ ಪಟ್ಟಿಗೆ ಸೇರಿದ್ದಳು. ವಾಷಿಂಗ್ಟನ್ನಿನಲ್ಲಿಯೇ 1872ರಲ್ಲಿ ಕರಿಯ ಜನಾಂಗದ ಚಾರ್ಲಟ್ ರೇ ಸೇರಿದ್ದಳು. ಆದರೆ ಇಲಿನಾಯ್ ಸಂಸ್ಥಾನದ ಮೈರಾ ಬ್ರಾಡ್‌ವೆಲ್ ಇದೇ ಹಕ್ಕಿಗಾಗಿ ಹೂಡಿದ್ದ ವ್ಯಾಜ್ಯ 1873ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಬಿದ್ದುಹೋಗಿತ್ತು. ಒಂದು ಊರಿನಲ್ಲಿ ತೆರೆದ ಬಾಗಿಲು ಇನ್ನೊಂದು ಊರಿನಲ್ಲಿ ಮುಚ್ಚಿಯೇ ಇರುತ್ತಿದ್ದ ಕಾಲವದು.

ಹತ್ತು ಡಾಲರಿನ ಮೊಕದ್ದಮೆಗಳು

ತಡವಾಗಿ ವೃತ್ತಿಗೆ ಬಂದವರಿಗೆ ಕಾದು ಕೂರುವ ಸೌಕರ್ಯವಿಲ್ಲ. ಇಪ್ಪತ್ತೈದರ ತರುಣನಾದರೆ ದೊಡ್ಡ ಮೊಕದ್ದಮೆ ಒಲಿದು ಬರುವ ತನಕ ತಂದೆಯ ಮನೆಯಲ್ಲಿ ಊಟ ಮಾಡಿಕೊಂಡಿರಬಹುದು. ಲಾಕ್‌ವುಡ್‌ಗೆ ಮುದಿ ಗಂಡ, ಮಗಳು, ಮನೆಯ ಖರ್ಚು ಎಲ್ಲವೂ ಕಣ್ಣೆದುರಿಗಿದ್ದವು. ಆಕೆ ಸಿಕ್ಕಿದ ಚಿಕ್ಕ ಕೆಲಸವನ್ನೆಲ್ಲ ಕೈಗೆತ್ತಿಕೊಂಡಳು. ಉಯಿಲುಗಳು, ವಿಚ್ಛೇದನದ ಅರ್ಜಿಗಳು, ಎಲ್ಲಕ್ಕಿಂತ ಹೆಚ್ಚಾಗಿ ಪಿಂಚಣಿಯ ತಗಾದೆಗಳು. ಯುದ್ಧದಲ್ಲಿ ಕೈಕಾಲು ಕಳೆದುಕೊಂಡವರು, ಗಂಡಂದಿರನ್ನು ಕಳೆದುಕೊಂಡ ಹೆಂಗಸರು ಸರ್ಕಾರದಿಂದ ಬರಬೇಕಾದ ಹಣಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದರು. ಇಂತಹ ಒಂದು ತಗಾದೆಗೆ ವಕೀಲರು ಪಡೆಯಬಹುದಾದ ಶುಲ್ಕವನ್ನು ಕಾಯಿದೆ 10 ಡಾಲರಿಗೆ ಮಿತಿಗೊಳಿಸಿತು. ಹಾಗಾಗಿ ಸಂಸಾರ ಸಾಗಬೇಕಾದರೆ ತಗಾದೆಗಳ ಸಂಖ್ಯೆ ದೊಡ್ಡದಿರಬೇಕಾಗಿತ್ತು. ಮಗಳು ಲೂರಾ ಕಚೇರಿಯ ಕೆಲಸಕ್ಕೆ ನಿಂತಳು. ಮನೆಯ ಒಂದು ಭಾಗ ಕಚೇರಿಯಾಯಿತು. ಮಿಕ್ಕ ಕೊಠಡಿಗಳನ್ನು ಬಾಡಿಗೆಗೆ ಕೊಟ್ಟು ಖರ್ಚು ತೂಗಿಸಿದಳು. ಕಚೇರಿಯಿಂದ ಕಚೇರಿಗೆ ಬೇಗನೆ ಓಡಾಡಲು ಆಕೆ ಮುಂದೆ ಮೂರು ಚಕ್ರದ ಸೈಕಲ್ಲೊಂದನ್ನು ಏರಿದಾಗ ಊರೇ ನಿಂತು ನೋಡಿತು.

ಇಲ್ಲಿ ಆಕೆಯ ವಯಸ್ಸು ಹೊರೆಯಾಗಲಿಲ್ಲ, ಬಂಡವಾಳವಾಯಿತು. ವಿಧವೆಯ ಕೈಯಲ್ಲಿ ಕಾಸಿಲ್ಲದ ತಿಂಗಳು ಹೇಗಿರುತ್ತದೆಂಬುದು ಆಕೆಗೆ ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ. ಪಿಂಚಣಿಯ ಕಾಗದಪತ್ರಗಳ ಒಳಹೊರಗು ಗಂಡನ ಜೊತೆಯಲ್ಲಿಯೇ ತಿಳಿದಿತ್ತು. ತೊಡಕಿನ ವಿಷಯವನ್ನು ಬಿಡಿಸಿ, ಕೇಳುವವರ ಮನಸ್ಸಿಗೆ ಹತ್ತುವಂತೆ ಹೇಳುವ ಕಲೆಯನ್ನು ಎರಡು ದಶಕಗಳ ಶಾಲೆಯ ಪಾಠ ಕಲಿಸಿತ್ತು.

ಒಂದು ಕಾಯಿದೆಗಾಗಿ ಮೂರು ವರ್ಷ

ಸರ್ಕಾರದ ಮೇಲಿನ ದೊಡ್ಡ ತಗಾದೆಗಳು ವಿಚಾರಣೆಗೆ ಬರುತ್ತಿದ್ದುದು ‘ಕೋರ್ಟ್ ಆಫ್ ಕ್ಲೇಮ್ಸ್’ ಎಂಬ ನ್ಯಾಯಾಲಯದಲ್ಲಿ. 1874ರಲ್ಲಿ ಆಕೆ ಅಲ್ಲಿಗೆ ಹೋದಾಗ, ಪೀಠದಿಂದ ಬಂದ ಮೊದಲನೆಯ ಆಕ್ಷೇಪಣೆ ಆಕೆ ಹೆಂಗಸೆಂಬುದು. ಎರಡನೆಯದು ಆಕೆ ವಿವಾಹಿತೆ ಎಂಬುದು. ಗಂಡನ ಒಪ್ಪಿಗೆಯಿದ್ದರೆ ಸಾಲದೆ ಎಂದು ಎಜೀಕಿಯಲ್ಲರನ್ನೇ ಕರೆತಂದರೂ ಫಲವಾಗಲಿಲ್ಲ. ಆ ಕಾಲದ ಕಾನೂನಿನಲ್ಲಿ ಮದುವೆಯಾದ ಹೆಣ್ಣಿನ ಕಾನೂನುಬದ್ಧ ವ್ಯಕ್ತಿತ್ವ ಗಂಡನಲ್ಲಿ ಅಡಗಿಹೋಗುತ್ತಿತ್ತು. ತನ್ನ ಹೆಸರಿನಲ್ಲಿ ಒಪ್ಪಂದಕ್ಕೆ ಹೊಣೆಯಾಗಲಾರದವಳು ಇನ್ನೊಬ್ಬರ ವಕೀಲಳಾಗುವುದೆಂತು ಎಂಬುದು ನ್ಯಾಯಾಧೀಶರ ತರ್ಕ.

1876ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿಯೂ ಅದೇ ಫಲ. ಇಲ್ಲಿ ಗಂಡಸರಲ್ಲದೆ ಬೇರೆಯವರು ವಾದಿಸಿದ ಪದ್ಧತಿಯಿಲ್ಲ, ಕಾಯಿದೆ ಬಂದ ಹೊರತು ಆ ಪದ್ಧತಿಯನ್ನು ಮುರಿಯಲಾಗದು ಎಂದು ಮುಖ್ಯ ನ್ಯಾಯಾಧೀಶ ಮಾರಿಸನ್ ವೇಟ್ ಸಾರಿದರು. ಬೇರೆ ಯಾರಾದರೂ ಇದನ್ನು ಸೋಲೆಂದು ತಿಳಿದು ಮನೆಗೆ ಹೋಗುತ್ತಿದ್ದರು. ಆಕೆ ಇದನ್ನು ದಾರಿ ತೋರಿಸುವ ಮಾತೆಂದು ತಿಳಿದಳು. ಕಾಯಿದೆ ಬೇಕೆಂದರೆ ಕಾಯಿದೆಯನ್ನೇ ತರೋಣ! ಮಸೂದೆಯೊಂದನ್ನು ಸಿದ್ಧಪಡಿಸಿ, ಕಾಂಗ್ರೆಸ್ ಸದಸ್ಯರ ಮನೆಬಾಗಿಲುಗಳನ್ನು ತಟ್ಟತೊಡಗಿದಳು. 1877ರಲ್ಲಿ ಗಂಡ ತೀರಿಕೊಂಡರು. ಓಡಾಟ ನಿಲ್ಲಲಿಲ್ಲ. 1878ರಲ್ಲಿ ಕೆಳಮನೆ ಒಪ್ಪಿತು. 1879ರ ಫೆಬ್ರವರಿ 7ರಂದು ಸೆನೆಟ್ 39 ಮತಗಳಿಗೆ 20ರಂತೆ ಒಪ್ಪಿತು. ಅದೇ ತಿಂಗಳ 15ರಂದು ಅಧ್ಯಕ್ಷ ಹೇಸ್ ಅವರ ಸಹಿ ಬಿದ್ದಿತು. ಉನ್ನತ ನ್ಯಾಯಾಲಯವೊಂದರಲ್ಲಿ ಮೂರು ವರ್ಷ ವಕೀಲಿ ನಡೆಸಿದ, ಸನ್ನಡತೆಯ ಯಾವ ಮಹಿಳೆಯೂ ಸರ್ವೋಚ್ಚ ನ್ಯಾಯಾಲಯದಲ್ಲಿ ವಾದಿಸಬಹುದೆಂದು ಆ ಕಾಯಿದೆ ವಿಧಿಸಿತು. ಅದಾದ ಎರಡು ವಾರಕ್ಕೆ, ಮಾರ್ಚ್ 3ರ ಆ ದಿನ ಬಂದಿತು.

ಒಳಗೆ ಹೋದ ಮೇಲೆ ಆಕೆ ಬಾಗಿಲು ಮುಚ್ಚಿಕೊಳ್ಳಲಿಲ್ಲ. ಮರುವರ್ಷ ದಕ್ಷಿಣದ ಕರಿಯ ವಕೀಲ ಸ್ಯಾಮ್ಯುಯಲ್ ಲವರಿಯವರ ಹೆಸರನ್ನು ಅದೇ ನ್ಯಾಯಾಲಯದಲ್ಲಿ ಸೂಚಿಸಿದವಳು ಲಾಕ್‌ವುಡ್. 1884ರಲ್ಲಿಯೂ 1888ರಲ್ಲಿಯೂ ರಾಷ್ಟ್ರಾಧ್ಯಕ್ಷ ಪದವಿಗೇ ಸ್ಪರ್ಧಿಸಿದಳು. ಹೆಂಗಸರು ಮತ ಹಾಕುವಂತಿಲ್ಲ ಎಂದರೇನು, ಮತ ಪಡೆಯಬಾರದೆಂದು ಎಲ್ಲಿಯೂ ಬರೆದಿಲ್ಲವಲ್ಲ ಎಂಬುದು ಆಕೆಯ ವಾದ. ಅಪ್ಪಟ ವಕೀಲರ ವಾದ!

ಎಪ್ಪತ್ತೈದರಲ್ಲಿ

ಆಕೆಯ ಹೆಸರನ್ನು ಉಳಿಸಿದ ಮೊಕದ್ದಮೆ ಚೆರೊಕೀ ಎಂಬ ಮೂಲನಿವಾಸಿಗಳದ್ದು. 1835ರ ಒಂದು ಒಪ್ಪಂದದ ನೆಪದಲ್ಲಿ ಸರ್ಕಾರ ಆ ಜನರನ್ನು ಅವರ ಪೂರ್ವಜರ ನೆಲದಿಂದ ಎಬ್ಬಿಸಿ, 1838ರಲ್ಲಿ ಸಿಪಾಯಿಗಳ ಕಾವಲಿನಲ್ಲಿ ಪಶ್ಚಿಮಕ್ಕೆ ಅಟ್ಟಿತ್ತು. ಹಸಿವು, ಚಳಿ, ರೋಗಗಳಿಗೆ ಸಾವಿರಾರು ಮಂದಿ ದಾರಿಯಲ್ಲಿಯೇ ಬಲಿಯಾದರು. ಆ ನೆಲಕ್ಕಾಗಿ ಅವರಿಗೆ ಸಲ್ಲಬೇಕಾಗಿದ್ದ ಹಣದಲ್ಲಿ 11 ಲಕ್ಷ ಡಾಲರಿಗೂ ಮಿಕ್ಕ ಬಾಕಿ ಉಳಿದಿತ್ತು. ಮೊಮ್ಮಕ್ಕಳ ಕಾಲ ಬಂದರೂ ಅದು ಸಂದಿರಲಿಲ್ಲ. ಲಾಕ್‌ವುಡ್ ಈ ಜನರಲ್ಲಿ ಒಂದು ಪಂಗಡದ ಪರವಾಗಿ ಮೂರು ದಶಕಗಳ ಕಾಲ ದುಡಿದಳು. 1906ರಲ್ಲಿ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ ಅಲ್ಲಿ ವಾದಿಸಿದ ವಕೀಲರಲ್ಲಿ ಆಕೆಯೂ ಒಬ್ಬಳು. ಅಸಲು ಮಾತ್ರವಲ್ಲ, 1838ರಿಂದ ನೂರಕ್ಕೆ ಐದರಂತೆ ಬಡ್ಡಿಯೂ ಸಲ್ಲತಕ್ಕದ್ದೆಂದು ತೀರ್ಪಾಯಿತು. ಅರುವತ್ತೆಂಟು ವರ್ಷಗಳ ಬಡ್ಡಿ ಸೇರಿ ಮೊತ್ತ 50 ಲಕ್ಷ ಡಾಲರಿನ ಹತ್ತಿರಕ್ಕೆ ಹೋಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಕೊನೆಯ ವರ್ಷಗಳಲ್ಲಿ ಆಕೆ ಹಣದ ಮುಗ್ಗಟ್ಟಿಗೆ ಸಿಕ್ಕಿ, ಬಹುಕಾಲ ಬಾಳಿದ ಮನೆಯನ್ನೂ ಕಳೆದುಕೊಂಡಳು. ಬಲಗೈಯಂತಿದ್ದ ಮಗಳು ಲೂರಾ 1894ರಲ್ಲಿಯೇ ತೀರಿಕೊಂಡಿದ್ದಳು. 1917ರ ಮೇ 19ರಂದು, ಎಂಬತ್ತಾರನೆಯ ವಯಸ್ಸಿನಲ್ಲಿ ಬೆಲ್ವಾ ಲಾಕ್‌ವುಡ್ ಕಣ್ಣು ಮುಚ್ಚಿದಳು. ಅಮೆರಿಕದ ಹೆಂಗಸರಿಗೆ ದೇಶದಾದ್ಯಂತ ಮತದಾನದ ಹಕ್ಕು ಬಂದದ್ದು ಅದಕ್ಕೆ ಮೂರು ವರ್ಷಗಳ ತರುವಾಯ.

ನಮ್ಮಲ್ಲಿ ಎಳೆದ ಗೆರೆಗಳು

ಸರ್ವೋಚ್ಚ ನ್ಯಾಯಾಲಯ ಲಾಕ್‌ವುಡ್‌ಗೆ ಬಾಗಿಲು ತೆರೆದ 1879ರಲ್ಲಿಯೇ ನಮ್ಮ ದೇಶದಲ್ಲಿ ವಕೀಲರನ್ನು ಕುರಿತ ಒಂದು ಕಾಯಿದೆ ಬಂದಿತು. ಆ ಕಾಯಿದೆಯಲ್ಲಿ ಬರುವ ‘ವ್ಯಕ್ತಿ’ ಎಂಬ ಮಾತಿನಲ್ಲಿ ಹೆಂಗಸರು ಸೇರುವುದಿಲ್ಲವೆಂದು ಕಲ್ಕತ್ತೆಯ ಉಚ್ಚ ನ್ಯಾಯಾಲಯ 1916ರಲ್ಲಿ ರೆಜಿನಾ ಗುಹಾ ಎಂಬಾಕೆಯ ಅರ್ಜಿಯನ್ನು ತಳ್ಳಿಹಾಕಿತು. ನಾಸಿಕದಲ್ಲಿ ಹುಟ್ಟಿದ ಕಾರ್ನೀಲಿಯಾ ಸೊರಾಬ್ಜಿ ಆಕ್ಸ್‌ಫರ್ಡಿನಲ್ಲಿ ಕಾನೂನಿನ ಪರೀಕ್ಷೆಗೆ ಕುಳಿತದ್ದು 1892ರಲ್ಲಿ. ಅಲಹಾಬಾದಿನ ಉಚ್ಚ ನ್ಯಾಯಾಲಯ ಆಕೆಯ ಹೆಸರನ್ನು ಪಟ್ಟಿಗೆ ಸೇರಿಸಿಕೊಂಡದ್ದು 1921ರಲ್ಲಿ, ಆಕೆಗೆ ಐವತ್ತನಾಲ್ಕು ವರ್ಷವಾಗಿದ್ದಾಗ. ಹೆಂಗಸೆಂಬ ಅಡ್ಡಿಯನ್ನು 1923ರ ಕಾಯಿದೆ ತೊಡೆದುಹಾಕಿತು.

ಆ ಮೇಲೆ ಬೇರೊಂದು ಗೆರೆ ಎದ್ದಿತು. ನಲವತ್ತೈದು ವರ್ಷ ತುಂಬಿದವರನ್ನು ವಕೀಲರ ಪಟ್ಟಿಗೆ ಸೇರಿಸಿಕೊಳ್ಳಕೂಡದೆಂದು ಭಾರತೀಯ ವಕೀಲರ ಪರಿಷತ್ತು 1993ರಲ್ಲಿ ನಿಯಮವೊಂದನ್ನು ಮಾಡಿತು. ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ ಬಂದವರು ಹಳೆಯ ಪರಿಚಯಗಳನ್ನು ಬಳಸಿ ಮೊಕದ್ದಮೆ ಸಂಪಾದಿಸುತ್ತಾರೆ, ಇದರಿಂದ ವೃತ್ತಿಯ ಘನತೆ ಕೆಡುತ್ತದೆ ಎಂಬುದು ಪರಿಷತ್ತು ಕೊಟ್ಟ ಕಾರಣ. ಸುಪ್ರೀಂ ಕೋರ್ಟು 1995ರ ಜನವರಿಯಲ್ಲಿ ಈ ನಿಯಮವನ್ನು ರದ್ದುಗೊಳಿಸಿತು. 1961ರ ವಕೀಲರ ಕಾಯಿದೆ ಇಪ್ಪತ್ತೊಂದು ತುಂಬಿರಬೇಕೆಂದು ಹೇಳುತ್ತದೆಯೇ ಹೊರತು ಮೇಲಿನ ಮಿತಿಯನ್ನು ಹೇಳುವುದಿಲ್ಲ. ಎಳೆಯ ವಯಸ್ಸಿನಲ್ಲಿ ಹೆಸರು ಬರೆಸಿ, ವೃತ್ತಿಯನ್ನು ಬಿಟ್ಟುಹೋದವರು ಐವತ್ತರಲ್ಲಿ ಮರಳಿ ಬರಬಹುದಾದರೆ, ಹೊಸದಾಗಿ ಬರುವವರನ್ನು ಮಾತ್ರ ತಡೆಯುವುದು ಸಮಾನತೆಗೆ ವಿರುದ್ಧ. ಪರಿಷತ್ತಿನ ಆರೋಪಕ್ಕೆ ಆಧಾರವಾಗಬಲ್ಲ ಅಂಕಿಅಂಶಗಳೂ ನ್ಯಾಯಾಲಯದ ಮುಂದಿರಲಿಲ್ಲ.

ಹೀಗೆ ಗೆರೆ ಅಳಿಸಿದೆ, ದಾರಿಯೇನೂ ಹಗುರವಾಗಿಲ್ಲ. ಪದವಿಯ ಮೇಲೆ ಮೂರು ವರ್ಷ ಕಾನೂನಿನ ವ್ಯಾಸಂಗ ನಡೆಯಬೇಕು. ರಾಜ್ಯದ ವಕೀಲರ ಪರಿಷತ್ತಿನಲ್ಲಿ ಹೆಸರು ದಾಖಲಾಗಬೇಕು. ಇದಕ್ಕೆ ಕಾಯಿದೆಯಲ್ಲಿರುವ 750 ರೂಪಾಯಿ, ಪರಿಶಿಷ್ಟ ಜಾತಿ ಪಂಗಡಗಳವರಿಗೆ 125 ರೂಪಾಯಿ ಶುಲ್ಕಕ್ಕಿಂತ ಹೆಚ್ಚು ವಸೂಲು ಮಾಡಕೂಡದೆಂದು ಸುಪ್ರೀಂ ಕೋರ್ಟು 2024ರಲ್ಲಿ ಹೇಳಿತು. ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಪೂರ್ಣಾವಧಿಯ ಸಂಬಳದ ನೌಕರಿಯಲ್ಲಿದ್ದುಕೊಂಡು ಸಾಮಾನ್ಯವಾಗಿ ವಕೀಲಿ ನಡೆಸುವಂತಿಲ್ಲವಾದ್ದರಿಂದ, ಕೈಯಲ್ಲಿರುವ ಕೆಲಸವನ್ನು ಬಿಡುವ ಧೈರ್ಯವೂ ಬೇಕು. ಮೊದಲ ವರ್ಷಗಳ ಆದಾಯ ಅಲ್ಪ. ಮಗನ ವಯಸ್ಸಿನ ಹಿರಿಯರ ಹಿಂದೆ ಕಾಗದದ ಕಟ್ಟು ಹಿಡಿದು ನಿಲ್ಲಬೇಕಾಗಬಹುದು. ಮನೆಯವರೆಲ್ಲ ಕುಳಿತು ಲೆಕ್ಕ ಹಾಕದೆ ಈ ದಾರಿಗೆ ಇಳಿಯುವುದು ಜಾಣತನವಲ್ಲ.

ಲಾಕ್‌ವುಡ್ ಕೂಡ ಲೆಕ್ಕ ಹಾಕಿಯೇ ಇಳಿದವಳು. ಮನೆಯ ಕೊಠಡಿಗಳನ್ನು ಬಾಡಿಗೆಗೆ ಕೊಟ್ಟಳು, ಹತ್ತು ಡಾಲರಿನ ತಗಾದೆಗಳನ್ನು ಕೀಳಾಗಿ ಕಾಣಲಿಲ್ಲ. ಆಕೆಗೆ ಪದವೀಪತ್ರ ಸಿಕ್ಕಿದಾಗ ಹಳ್ಳಿಯ ಶಾಲೆಯಲ್ಲಿ ಮೊದಲು ಪಾಠ ಹೇಳಿ ಇಪ್ಪತ್ತೆಂಟು ವರ್ಷವಾಗಿತ್ತು. ಅಲ್ಲಿಂದ ಮುಂದೆ ಕಾನೂನಿನ ಬದುಕಿಗೆ ಮೂವತ್ತು ವರ್ಷಗಳಿಗೂ ಮಿಕ್ಕ ಆಯುಷ್ಯ ಉಳಿದಿತ್ತು.